ಹಾಸ್ಟೆಲ್‌ಗೆ ಹೊರಟ ಮಗುವಿಗೆ ಇನ್ಸುಲಿನ್ ನಿಭಾಯಿಸಲು ಬರುತ್ತದೆಯೇ?

ಟೈಪ್ 1 ಮಧುಮೇಹ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಕಾಯಿಲೆ, ಇರುವ ಮಕ್ಕಳನ್ನು ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರಿಗೆ ಒಪ್ಪಿಸುವುದು ಯಾವಾಗ ಎಂದರೆ ಎಲ್ಲರ ಬಾಯಲ್ಲೂ ಬರುವ ಉತ್ತರ ಹದಿನೆಂಟು. ಕಾನೂನಿನ ಲೆಕ್ಕಕ್ಕೆ ಅದು ಸರಿ, 18 ತುಂಬಿದ ಮೇಲೆ ಚಿಕಿತ್ಸೆಗೆ ಒಪ್ಪಿಗೆಯ ಸಹಿ ಅವರದೇ. ಆದರೆ ಕರ್ನಾಟಕದ ಎಷ್ಟೋ ಮಕ್ಕಳ ಪಾಲಿಗೆ ಆ ಬದಲಾವಣೆ ಎರಡು ವರ್ಷ ಮೊದಲೇ ಆಗಿಹೋಗಿರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಕೊಪ್ಪಳದಿಂದಲೋ ಕಲಬುರಗಿಯಿಂದಲೋ ಬಂದು ಮಂಗಳೂರು ಕಡೆಯ ಪಿಯು ಹಾಸ್ಟೆಲ್ ಸೇರಿದಳೆಂದರೆ, ಅಂದಿನಿಂದ ಇನ್ಸುಲಿನ್ ಎಳೆಯುವುದು, ಚುಚ್ಚಿಕೊಳ್ಳುವುದು, ನಡುರಾತ್ರಿ ಶುಗರ್ ಇಳಿದರೆ ಎದ್ದು ಸಕ್ಕರೆ ತಿನ್ನುವುದು ಎಲ್ಲವೂ ಅವಳದೇ. ಹಾಗಾಗಿ ಮಗು ಇದನ್ನೆಲ್ಲ ತಾನೇ ನಿಭಾಯಿಸಬಲ್ಲದೇ ಎಂದು ಮಕ್ಕಳ ಕ್ಲಿನಿಕ್ಕಿನವರು ನೋಡುವ ಸಿದ್ಧತೆಯ ಪರೀಕ್ಷೆ ಎಂಟನೇ ತರಗತಿಯಲ್ಲೇ ಶುರುವಾಗಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯೂ 13–14ನೇ ವಯಸ್ಸಿನೊಳಗೆ ತಯಾರಿ ಆರಂಭಿಸಿ ಎನ್ನುತ್ತದೆ.

ಈ ವಯಸ್ಸಿನಲ್ಲಿ ಇನ್ನೊಂದು ತೊಡಕಿದೆ. ಪ್ರೌಢಾವಸ್ಥೆಯ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮೊದಲು ದಿನಕ್ಕೆ ಕಿಲೋ ತೂಕಕ್ಕೆ 0.7 ಯೂನಿಟ್‌ನಲ್ಲಿ ಸರಿಯಿದ್ದ ಮಗುವಿಗೆ 1 ಯೂನಿಟ್‌ಗಿಂತಲೂ ಹೆಚ್ಚು ಬೇಕಾಗಬಹುದು. ಮನೆಯವರು ‘ಹೊರಗೆ ಏನೋ ತಿನ್ನುತ್ತಿದ್ದಾನೆ’ ಎಂದು ಬೈಯುವ ಎಷ್ಟೋ ಸಂದರ್ಭಗಳಲ್ಲಿ ನಿಜವಾಗಿ ಡೋಸ್ ಸಾಲದೆ ಹೋಗಿರುತ್ತದೆ. ಅದನ್ನು ಮೊದಲು ಸರಿಪಡಿಸದೆ ಮಗುವಿನ ಜವಾಬ್ದಾರಿಯನ್ನು ಅಳೆಯಲು ಹೊರಡುವುದು ಅನ್ಯಾಯ.

ಮಗುವಿನ ಸಿದ್ಧತೆಯನ್ನು ಅಳೆಯಲು ಪ್ರಶ್ನಾವಳಿಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ‘ಟ್ರ್ಯಾಕ್’ (TRAQ). ಅದರಲ್ಲಿ 20 ಪ್ರಶ್ನೆಗಳು, ಐದು ವಿಭಾಗಗಳು: ಔಷಧ, ವೈದ್ಯರ ಭೇಟಿ, ಕಾಯಿಲೆಯ ದಾಖಲೆ, ವೈದ್ಯರೊಡನೆ ಮಾತು, ದಿನನಿತ್ಯದ ಕೆಲಸ. ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಎಂಬಲ್ಲಿಂದ ‘ಕಲಿಯುತ್ತಿದ್ದೇನೆ’ ದಾಟಿ ‘ಬೇಕಾದಾಗಲೆಲ್ಲ ನಾನೇ ಮಾಡುತ್ತೇನೆ’ ಎಂಬವರೆಗೆ ಐದು ಮೆಟ್ಟಿಲಿನ ಉತ್ತರ. ಇದನ್ನು ಇದ್ದಂತೆಯೇ ಕನ್ನಡಕ್ಕೆ ಇಳಿಸಿದರೆ ನಡೆಯದು. ಆರೋಗ್ಯ ವಿಮೆಯ ಪ್ರಶ್ನೆಯ ಜಾಗದಲ್ಲಿ, ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರ್‌ನಲ್ಲಿ ಯಾವ ಇನ್ಸುಲಿನ್ ಸಿಗುತ್ತದೆ, ಅಲ್ಲಿ ಮುಗಿದಿದ್ದರೆ ಎಲ್ಲಿಗೆ ಹೋಗುತ್ತೀಯ, ಆಯುಷ್ಮಾನ್ ಕಾರ್ಡ್ ಯಾರ ಹತ್ತಿರ ಇದೆ ಎಂದು ಕೇಳಬೇಕು. ತಾಯಿಗೊಂದು ಪ್ರತಿ, ಮಗುವಿಗೊಂದು ಪ್ರತಿ ಕೊಟ್ಟು ಬೇರೆ ಬೇರೆ ಕಡೆ ಕೂರಿಸಿ ತುಂಬಿಸಬೇಕು. ಒಟ್ಟು ಅಂಕಕ್ಕಿಂತ ಇಬ್ಬರ ಉತ್ತರಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ‘ಔಷಧ ಮುಗಿಯುವ ಮೊದಲೇ ತರಿಸುವುದು’ ಎಂಬಲ್ಲಿ ಮಗ 5 ಹಾಕಿ, ತಾಯಿ 2 ಹಾಕಿದ್ದರೆ ಅಂದಿನ ಮಾತುಕತೆ ಅಲ್ಲಿಂದಲೇ ಶುರುವಾಗಲಿ.

ಆದರೆ ಕಾಗದದ ಮೇಲಿನ ಉತ್ತರಕ್ಕೆ ಒಂದು ಮಿತಿಯಿದೆ. ‘ಇನ್ಸುಲಿನ್ ನೀನೇ ತೆಗೆದುಕೊಳ್ಳುತ್ತೀಯಾ?’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಅದಕ್ಕೇ ಮೇಜಿನ ಮೇಲೆ ಸಾಮಾನು ಇಟ್ಟು ಮಾಡಿಸಿ ನೋಡಬೇಕು.

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸಾಮಾನ್ಯ ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಬಾಟಲಿಗಳಲ್ಲೂ 100ರವು ಉಂಟು. ಸಿರಿಂಜ್‌ಗಳೂ ಎರಡು ಬಗೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಎರಡೂ ಬಗೆಯ ಬಾಟಲಿ, ಎರಡೂ ಬಗೆಯ ಸಿರಿಂಜ್ ಮುಂದಿಟ್ಟು ‘20 ಯೂನಿಟ್ ಎಳೆ’ ಎನ್ನಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು 8 ಯೂನಿಟ್ ಮಾತ್ರ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ 50 ಯೂನಿಟ್. ಮೊದಲನೆಯ ತಪ್ಪಿನಿಂದ ಶುಗರ್ ದಿನಗಟ್ಟಲೆ ಏರಿಯೇ ಇರುತ್ತದೆ, ಎರಡನೆಯದು ಜೀವಕ್ಕೇ ಕುತ್ತು. ಊರಲ್ಲಿ ಬಾಟಲಿ ಬಳಸುತ್ತಿದ್ದ ಮಗುವಿಗೆ ಹೊಸ ಊರಿನ ವೈದ್ಯರು ಪೆನ್ ಬರೆದುಕೊಡುತ್ತಾರೆ. ಪೆನ್ ಕೆಟ್ಟ ದಿನ ಕಾರ್ಟ್ರಿಜ್‌ಗೆ ಹಳೆಯ ಕೆಂಪು ಸಿರಿಂಜ್ ಚುಚ್ಚಿ ಎಳೆದರೆ ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತದೆ. ಹೀಗೆ ವೈದ್ಯರು ಬದಲಾಗುವ ವರ್ಗಾವಣೆಯ ಹೊತ್ತಿನಲ್ಲೇ ಇಂಥ ತಪ್ಪಿಗೆ ದಾರಿ ಹೆಚ್ಚು. ಬಾಟಲಿಯ ಮೇಲಿನ ಸಂಖ್ಯೆಯನ್ನು ಓದಿ, ಅದಕ್ಕೆ ತಕ್ಕ ಸಿರಿಂಜನ್ನು ತಾನಾಗಿ ಆರಿಸಿಕೊಳ್ಳುವವರೆಗೆ ಈ ಪರೀಕ್ಷೆಯನ್ನು ಪ್ರತಿ ಭೇಟಿಯಲ್ಲೂ ಮಾಡಿಸಬೇಕು.

ಆಮೇಲೆ ಚುಚ್ಚುವ ಜಾಗವನ್ನು ಕೈಯಿಂದ ಮುಟ್ಟಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿಕೊಂಡರೆ ಚರ್ಮದಡಿ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ ಎಂದು ಮಕ್ಕಳು ಅಲ್ಲಿಗೇ ಮರಳುತ್ತಾರೆ, ಆದರೆ ಗಂಟಿನೊಳಗಿನ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ತಡವಾಗಿ ರಕ್ತಕ್ಕೆ ಸೇರುತ್ತದೆ. ಗ್ಲುಕೋಮೀಟರಿನ ಮೆಮೊರಿಯನ್ನು ಡೈರಿಯ ಪಕ್ಕದಲ್ಲಿಟ್ಟು ಕಳೆದ ಎರಡು ವಾರದ ಸಂಖ್ಯೆಗಳನ್ನು ಹೋಲಿಸಿ. ಡೈರಿಯ ಹದಿನಾಲ್ಕು ದಿನವೂ ಒಂದೇ ಪೆನ್ನಿನ ಒಂದೇ ಬರವಣಿಗೆಯಲ್ಲಿದ್ದು, ಎಲ್ಲವೂ 110ರಿಂದ 140ರ ನಡುವೆ ಇದ್ದರೆ ಅದು ಹಿಂದಿನ ರಾತ್ರಿ ಕೂತು ಬರೆದದ್ದು. ಆಗ ಗದರಬಾರದು. ಹೆಚ್ಚು ಬಂದಾಗಲೆಲ್ಲ ಬೈಗುಳ ತಿಂದ ಮಗು ಸುಳ್ಳು ಸಂಖ್ಯೆ ಬರೆಯುವುದನ್ನು ಕಲಿಯುತ್ತದೆ, ಮುಂದೆ ದೊಡ್ಡವರ ವೈದ್ಯರ ಮುಂದೆಯೂ ಅದನ್ನೇ ಮಾಡುತ್ತದೆ.

ಮೂರನೆಯದು ಸಂದರ್ಭದ ಪ್ರಶ್ನೆಗಳು. ‘ರಾತ್ರಿ ಹತ್ತು ಗಂಟೆ, ಎರಡು ಸಲ ವಾಂತಿಯಾಗಿದೆ, ಊಟ ಮಾಡಿಲ್ಲ. ಇನ್ಸುಲಿನ್ ಏನು ಮಾಡುತ್ತೀಯ?’ ಈ ಒಂದು ಪ್ರಶ್ನೆಗೆ ಬರುವ ತಪ್ಪು ಉತ್ತರವೇ ಎಷ್ಟೋ ಮಕ್ಕಳನ್ನು ತೀವ್ರ ನಿಗಾ ಘಟಕಕ್ಕೆ ತಲುಪಿಸುತ್ತದೆ. ಊಟವಿಲ್ಲ ಎಂದು ಇನ್ಸುಲಿನ್ ಪೂರ್ತಿ ಬಿಟ್ಟರೆ ದೇಹ ಕೊಬ್ಬನ್ನು ಕರಗಿಸಿ, ರಕ್ತವನ್ನು ಆಮ್ಲೀಯವಾಗಿಸುವ ಕೀಟೋನ್ ತುಂಬಿಕೊಳ್ಳುತ್ತದೆ. ಆ ಕೀಟೋನ್‌ನಿಂದಲೇ ವಾಂತಿ ಇನ್ನಷ್ಟು ಹೆಚ್ಚುತ್ತದೆ. ನಮಗೆ ಬೇಕಾದ ಉತ್ತರ ಹೀಗಿರಬೇಕು: ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸುವುದಿಲ್ಲ, ಎರಡರಿಂದ ನಾಲ್ಕು ಗಂಟೆಗೊಮ್ಮೆ ಶುಗರ್ ನೋಡುತ್ತೇನೆ, ಮೂತ್ರದಲ್ಲಿ ಕೀಟೋನ್ ಸ್ಟ್ರಿಪ್ ಅದ್ದಿ ನೋಡುತ್ತೇನೆ, ನೀರು ಕುಡಿಯುತ್ತಿರುತ್ತೇನೆ, ಎರಡು ಗಂಟೆ ಕಳೆದರೂ ವಾಂತಿ ನಿಲ್ಲದಿದ್ದರೆ ವಾರ್ಡನ್‌ರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗುತ್ತೇನೆ. ಶುಗರ್ 70ಕ್ಕಿಂತ ಇಳಿದಾಗ ಮೂರು ಚಮಚ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಎಂಬುದು ಹೆಚ್ಚಿನವರಿಗೆ ಬಾಯಿಪಾಠ. ಆದರೆ ಸಕ್ಕರೆ ಎಲ್ಲಿದೆ ಎಂದು ಕೇಳಿ ನೋಡಿ: ‘ಬ್ಯಾಗಿನಲ್ಲಿ’. ಬ್ಯಾಗ್ ತರಗತಿಯ ಹೊರಗೆ! ಸಕ್ಕರೆ ಪೊಟ್ಟಣ ಮೈಮೇಲಿನ ಜೇಬಿನಲ್ಲಿರಬೇಕು. ಚಾಕೊಲೇಟ್ ಆಗದು, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಕೊಠಡಿಯ ಒಬ್ಬ ಗೆಳತಿಗಾದರೂ ವಿಷಯ ಗೊತ್ತಿರಬೇಕು: ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಸುರಿಯದೆ ಪಕ್ಕಕ್ಕೆ ಮಗ್ಗುಲಾಗಿಸಿ 108ಕ್ಕೆ ಕರೆ ಮಾಡುವುದು.

ಹದಿಮೂರು ದಾಟಿದ ಮೇಲೆ ಪ್ರತಿ ಭೇಟಿಯ ಹತ್ತು ನಿಮಿಷವನ್ನಾದರೂ ಮಗುವೊಂದಿಗೇ ಕಳೆಯಬೇಕು, ಪೋಷಕರು ಹೊರಗಿರಲಿ. ಆರಂಭದಲ್ಲೇ ಗೋಪ್ಯತೆಯ ಮಿತಿಯನ್ನು ಹೇಳಿಬಿಡಿ. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ನಿನಂತೆ 18ರೊಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ವೈದ್ಯರೂ ವರದಿ ಮಾಡಬೇಕು. ಎಲ್ಲವೂ ಗುಟ್ಟು ಎಂದು ಮಾತು ಕೊಟ್ಟು ನಂತರ ಮುರಿದರೆ ಆ ಮಗು ಮತ್ತೆ ಯಾವ ವೈದ್ಯರ ಬಳಿಯೂ ಬಾಯಿ ಬಿಡುವುದಿಲ್ಲ. ನಿದ್ದೆ, ಬೇಸರ, ಸಾಯುವ ಯೋಚನೆ, ಮದ್ಯ, ತೂಕ ಇಳಿಸಲೆಂದು ಬೇಕಂತಲೇ ಇನ್ಸುಲಿನ್ ತಪ್ಪಿಸುವುದು, ಇವನ್ನು ನೇರವಾಗಿಯೇ ಕೇಳಬೇಕು. ಕೊನೆಯದನ್ನು ಹೆಣ್ಣುಮಕ್ಕಳಲ್ಲಿ ವಿಶೇಷವಾಗಿ ಕೇಳಿ. ಮದುವೆಯ ಮಾತು ಬಂದಾಗ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ, ಗಂಡನ ಮನೆಯಲ್ಲಿ ಕದ್ದು ಚುಚ್ಚಿಕೊಳ್ಳಲಾಗದೆ ಇನ್ಸುಲಿನ್ ನಿಲ್ಲಿಸಿದವರಿದ್ದಾರೆ. ಗರ್ಭ ಧರಿಸುವ ಮೊದಲೇ ಶುಗರ್ ಹತೋಟಿಗೆ ಬಂದಿರಬೇಕು, ಮೂತ್ರಪಿಂಡದ ರಕ್ಷಣೆಗೆಂದು ಕೊಡುವ ಎನಲಾಪ್ರಿಲ್‌ನಂಥ ಮಾತ್ರೆಗಳು ಗರ್ಭಕ್ಕೆ ಹಾನಿ ಎಂಬುದು ಆ ಹುಡುಗಿಗೆ ಗೊತ್ತಿರಬೇಕು, ಅವಳ ತಾಯಿಗಷ್ಟೇ ಗೊತ್ತಿದ್ದರೆ ಸಾಲದು.

ತಾಯ್ತಂದೆಯರನ್ನೂ ಅಳೆಯಬೇಕು. ಹತ್ತು ವರ್ಷ ರಾತ್ರಿ ಮೂರಕ್ಕೆ ಎದ್ದು ಬೆರಳು ಚುಚ್ಚಿ ನೋಡಿದ ತಾಯಿಗೆ ಒಮ್ಮೆಗೇ ಕೈ ಬಿಡಿ ಎಂದರೆ ಆಗುವ ಮಾತಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲಿನ ಬೇಸಿಗೆ ರಜೆ ಇದಕ್ಕೆ ಒಳ್ಳೆಯ ಸಮಯ. ಮೊದಲ ಎರಡು ವಾರ ಮಗು ಮಾಡುವುದು, ತಾಯಿ ನೋಡುವುದು. ಮುಂದಿನ ಎರಡು ವಾರ ತಾಯಿ ರಾತ್ರಿ ಒಮ್ಮೆ ಮಾತ್ರ ಕೇಳುವುದು. ಆಮೇಲೆ ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಒಂದು ವಾರ. ಎಡವಿದರೂ ಹತ್ತಿರದಲ್ಲಿ ಜನ ಇರುವಾಗಲೇ ಎಡವಲಿ.

ದೊಡ್ಡವರ ವಿಭಾಗದಲ್ಲಿ ಬರುವವರು ಬಹುಪಾಲು ಟೈಪ್ 2 ರೋಗಿಗಳು, ಒಬ್ಬೊಬ್ಬರಿಗೆ ಸಿಗುವ ಸಮಯವೂ ಕಡಿಮೆ. ಅಲ್ಲಿ ‘ನನ್ನದು ಟೈಪ್ 1, ಒಂದು ದಿನವೂ ಇನ್ಸುಲಿನ್ ಬಿಡುವಂತಿಲ್ಲ’ ಎಂದು ಮೊದಲ ವಾಕ್ಯದಲ್ಲೇ ಹೇಳಲು ಬರಬೇಕು. ನಾಟಿ ಔಷಧಿಯಿಂದ ಇನ್ಸುಲಿನ್ ಬಿಡಿಸುತ್ತೇವೆ ಎನ್ನುವವರಿಗೂ ಇದೇ ಉತ್ತರ. ಜೊತೆಗೆ ಒಂದು ಪುಟದ ಸಾರಾಂಶ ಕೊಡಿ: ಕಾಯಿಲೆ ಪತ್ತೆಯಾದ ವರ್ಷ, ಈಗಿನ ಇನ್ಸುಲಿನ್ ಹೆಸರು, ಸಾಂದ್ರತೆ ಮತ್ತು ಡೋಸ್, ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಕೊನೆಯ ಎಚ್‌ಬಿಎ1ಸಿ, ಕಣ್ಣಿನ ಪರದೆ, ಮೂತ್ರದ ಆಲ್ಬುಮಿನ್ ಮತ್ತು ಥೈರಾಯ್ಡ್ ಪರೀಕ್ಷೆಯ ದಿನಾಂಕಗಳು, ಆಸ್ಪತ್ರೆಗೆ ಸೇರಿದ ಪ್ರಸಂಗಗಳು. ಅದರ ಫೋಟೊ ಮಗುವಿನ ಮೊಬೈಲಿನಲ್ಲೂ ಇರಲಿ.

ಸಿದ್ಧತೆ ಪೂರ್ತಿಯಾಗದಿದ್ದರೂ ಹಾಸ್ಟೆಲ್ಲಿನ ದಿನ ಬಂದೇ ಬಿಡುತ್ತದೆ. ಆಗ ಯಾವುದು ಬರುವುದಿಲ್ಲ ಎಂಬುದನ್ನು ಪತ್ರದಲ್ಲಿ ಬರೆಯಿರಿ, ಆ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಸಮೇತ ಗೊತ್ತುಮಾಡಿ. ನೈಸ್ ಮಾರ್ಗಸೂಚಿ ವರ್ಗಾವಣೆಗೆ ಮೊದಲು ಆರು ತಿಂಗಳು, ನಂತರ ಆರು ತಿಂಗಳು ಒಬ್ಬ ನಿರ್ದಿಷ್ಟ ವ್ಯಕ್ತಿ ಜೊತೆಗಿರಬೇಕು ಎನ್ನುತ್ತದೆ. ನಮ್ಮಲ್ಲಿ ಅದು ಮಧುಮೇಹ ಶಿಕ್ಷಕಿಯೋ ನರ್ಸೋ ಆಗಬಹುದು. ತಿಂಗಳಿಗೊಂದು ಫೋನ್ ಕರೆ ಸಾಕು. ಹೊಸ ವೈದ್ಯರ ಬಳಿ ಮೊದಲ ಭೇಟಿಗೆ ಅಪ್ಪ ಅಮ್ಮ ಕರೆದುಕೊಂಡು ಹೋಗುತ್ತಾರೆ, ಎರಡನೆಯದಕ್ಕೆ ಮಗು ತಾನೇ ಹೋಗಬೇಕು. ಅಲ್ಲಿಗೂ ಹೋಗಿಬಂದ ಚೀಟಿ ನೋಡಿದ ಮೇಲೆಯೇ ಮಕ್ಕಳ ಕ್ಲಿನಿಕ್ಕಿನ ರಿಜಿಸ್ಟರ್‌ನಲ್ಲಿ ‘ವರ್ಗಾವಣೆ ಪೂರ್ಣ’ ಎಂದು ಬರೆಯಬೇಕು.