ಕಡಲಿಗೆ ಕೆಮಿಸ್ಟ್ರಿ ಓದಿದವರೂ ಬೇಕು

ಗಾಜಿನ ಬಾಟಲಿಯ ತುಂಬ ಸಮುದ್ರದ ನೀರು. ಒಂದು ಗುಳ್ಳೆಯಷ್ಟು ಗಾಳಿಯೂ ಒಳಗಿರಬಾರದು. ಅದಕ್ಕೆ ಮೊದಲು ಮ್ಯಾಂಗನೀಸ್ ದ್ರಾವಣ, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಹಾಕಿ, ಮುಚ್ಚಿ, ಅಲುಗಾಡಿಸಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಗಸಿ ಹುಟ್ಟುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. 1888ರಲ್ಲಿ ಹಂಗೇರಿಯ ರಸಾಯನ ವಿಜ್ಞಾನಿ ವಿಂಕ್ಲರ್ ಹೇಳಿಕೊಟ್ಟ ವಿಧಾನ ಇದು. ಆಮ್ಲಜನಕದ ಸೆನ್ಸರ್‌ಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಲು ಇವತ್ತಿಗೂ ಇದೇ ಬೇಕು. ಗಸಿಯನ್ನು ಆಮ್ಲ ಹಾಕಿ ಕರಗಿಸಿದ ಮೇಲೆ ಮುಂದಿನದು ಬಿ.ಎಸ್ಸಿ. ಲ್ಯಾಬಿನ ಟೈಟ್ರೇಶನ್, ಅಂದರೆ ಹನಿಹನಿಯಾಗಿ ದ್ರಾವಣ ಸೇರಿಸಿ ಅಳೆಯುವುದೇ ಅಲ್ವಾ? ಥಯೋಸಲ್ಫೇಟ್, ಪಿಷ್ಟ, ನೀಲಿ ಮಾಯವಾಗುವ ಆ ಕೊನೆಯ ಹನಿ.

ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು 1997ರಲ್ಲಿ ಕಾಂಡೋಲಿಂ ತೀರದಾಚೆ ಒಂದು ಜಾಗ ಗುರುತಿಸಿಕೊಂಡರು. ಆಳ 30 ಮೀಟರಿಗೂ ಕಡಿಮೆ. ವರ್ಷಗಟ್ಟಲೆ ಅದೇ ಜಾಗಕ್ಕೆ ಹೋಗಿ ನೀರು ತಂದು ಅದರ ಆಮ್ಲಜನಕ ಅಳೆದರು. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ದಡದ ಕಡೆ ಮೇಲೇರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಡಿಮೆ. ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುತ್ತದೆ. ಉಳಿದಿದ್ದ ಆಮ್ಲಜನಕವೂ ಅಲ್ಲೇ ಖರ್ಚಾಗುತ್ತದೆ. ಮೇಲೆ ಮಳೆಯ ಸಿಹಿನೀರು ಮುಚ್ಚಳದ ಹಾಗೆ ಕೂತಿರುತ್ತದೆ, ಗಾಳಿ ಕೆಳಗಿಳಿಯುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ತಳದ ನೀರಿನಲ್ಲಿ ಉಸಿರೇ ಇರುವುದಿಲ್ಲ. ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಿಂದ ಬದುಕತೊಡಗುತ್ತವೆ. ಆಗ ನೈಟ್ರಸ್ ಆಕ್ಸೈಡ್ ಹುಟ್ಟಿ ವಾತಾವರಣ ಸೇರುತ್ತದೆ. ಅದು ಬಲವಾದ ಹಸಿರುಮನೆ ಅನಿಲ.

ತಳದ ನೀರಿನ ಆಮ್ಲಜನಕ ಏಕೆ ಮುಗಿಯುತ್ತದೆ ಎಂಬ ಈ ಒಂದು ಪ್ರಶ್ನೆಗೆ ಎಷ್ಟು ಜನ ಬೇಕು ನೋಡಿ. ನೀರು ಏಕೆ ಮೇಲೇರಿತು ಎನ್ನಲು ಫಿಸಿಕ್ಸ್, ಬ್ಯಾಕ್ಟೀರಿಯಾಗಳಿಗೆ ಮೈಕ್ರೋಬಯಾಲಜಿ, ಇಷ್ಟು ವರ್ಷಗಳ ಅಂಕಿಗಳಿಗೆ ಸ್ಟ್ಯಾಟಿಸ್ಟಿಕ್ಸ್. ಆದರೆ ಕಡಲ ವಿಜ್ಞಾನ ಎಂದರೆ ಮೀನಿನ ಓದು ಎಂದುಕೊಂಡು ಬಯಲುಸೀಮೆಯ ಮಕ್ಕಳು ಇಂಥ ಕಡೆ ಇಂಟರ್ನ್‌ಶಿಪ್‌ಗೆ ಅರ್ಜಿಯನ್ನೇ ಹಾಕುವುದಿಲ್ಲ. ಇದು ನನಗೆ ನಿಜವಾಗಿ ಬೇಸರದ ವಿಷಯ.

ಇನ್ನೊಂದು ಅಡ್ಡಿ ದುಡ್ಡು. ಎರಡು ತಿಂಗಳು ಗೋವಾದಲ್ಲಿ ರೂಮು, ಊಟ ಸುಮ್ನೆ ಆಗುವುದಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಉಳ್ಳವರ ಮನೆಯ ಮಕ್ಕಳಿಗೆ ಮಾತ್ರ ಸಾಧ್ಯ. ಅದಕ್ಕೇ ಎರಡು ದಾರಿಗಳನ್ನು ಹೇಳಬೇಕು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟ್‌ಗೆಂದೇ ಇಟ್ಟದ್ದು. ಪಿಯುಸಿಯಲ್ಲಿ ಮುಂಚೂಣಿಯಲ್ಲಿದ್ದು ಮೂಲ ವಿಜ್ಞಾನ ಓದುತ್ತಿರುವವರಿಗೆ ಇದು. ಸಾಗರ ವಿಜ್ಞಾನವೂ ಪಟ್ಟಿಯಲ್ಲಿದೆ. ಎರಡನೆಯದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಅದನ್ನು ನಡೆಸುತ್ತದೆ. ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಭತ್ಯೆಯೂ ಉಂಟು. ಬೇಸಿಗೆಗೆ ತಿಂಗಳುಗಳ ಮೊದಲೇ ಅರ್ಜಿ ಮುಗಿಯುತ್ತದೆ, ಮಾರ್ಚ್‌ನಲ್ಲಿ ಹುಡುಕಿದರೆ ಸಿಗದು.

ಈ ಫೆಲೋಶಿಪ್‌ನ ಅರ್ಜಿಯ ಜೊತೆ ಏನು ಮಾಡಬೇಕೆಂದಿದ್ದೀರಿ ಎಂದು ಒಂದು ಸಣ್ಣ ಬರಹ ಕೊಡಬೇಕು. ‘ಚಿಕ್ಕಂದಿನಿಂದ ಕಡಲೆಂದರೆ ಪ್ರೀತಿ’ ಎಂದು ಬರೆಯಬೇಡಿ. ಒಂದು ಪ್ರಶ್ನೆ ಬರೆಯಿರಿ. ಪ್ರಶ್ನೆ ಎಲ್ಲಿಂದ ತರುವುದು? ಕಲಬುರಗಿಯಲ್ಲಿ ಕೂತೇ ತರಬಹುದು. ಆರ್ಗೋ ಎಂಬ ತೇಲು ಯಂತ್ರಗಳು ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಇವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬರುತ್ತಾ ಬಿಸಿ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಕೆಲವು ಆಮ್ಲಜನಕವನ್ನೂ ಅಳೆಯುತ್ತವೆ. ಆ ಅಂಕಿಗಳು ಎಲ್ಲರಿಗೂ ಉಚಿತ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲೂ ಸಿಗುತ್ತವೆ. ಅರಬ್ಬೀ ಸಮುದ್ರದಲ್ಲಿ ಆಮ್ಲಜನಕ ಅಳೆಯುವ ಒಂದು ಯಂತ್ರದ ಗ್ರಾಫ್ ಬಿಡಿಸಿ. ನೂರು, ನೂರೈವತ್ತು ಮೀಟರ್ ಆಳದ ಹೊತ್ತಿಗೆ ಆಮ್ಲಜನಕದ ಗೆರೆ ಸೊನ್ನೆಯ ಹತ್ತಿರ ಬೀಳುತ್ತದೆ. ಸಾವಿರ ಮೀಟರ್ ದಾಟಿದ ಮೇಲೆ ಮೆಲ್ಲಗೆ ಮತ್ತೆ ಏರುತ್ತದೆ. ಅಷ್ಟು ಆಳದಲ್ಲಿ ಆಮ್ಲಜನಕ ಎಲ್ಲಿಂದ ಬಂತು? ಅರ್ಜಿಯ ಮೊದಲ ಸಾಲಿಗೆ ಇದೇ ಇರಲಿ.