ಗೋಧಿ ಹಡಗಿನ ಕಾಲದಿಂದ ಇಲ್ಲಿಯವರೆಗೆ: ಭಾರತ ಮಹಾಶಕ್ತಿ ಆಗುವ ಮಾತಿನ ಹಿಂದುಮುಂದು

ಭಾರತ ಜಗತ್ತಿನ ದೊಡ್ಡ ಶಕ್ತಿಗಳಲ್ಲಿ ಒಂದಾಗುತ್ತದಾ? ಈ ಮಾತು ಶುರುವಾದರೆ ಸಾಕು, ಒಬ್ಬರು ‘ಜಗತ್ತಿನ ಅತಿ ದೊಡ್ಡ ಆರ್ಥಿಕತೆಗಳಲ್ಲಿ ಒಂದು’ ಅನ್ನುತ್ತಾರೆ, ಇನ್ನೊಬ್ಬರು ತಲಾ ಆದಾಯದ ಪಟ್ಟಿ ತೆಗೆದು ತೋರಿಸುತ್ತಾರೆ. ಎರಡೂ ನಿಜ. 2022ರಲ್ಲಿ ನಾವು ಬ್ರಿಟನ್ನನ್ನು ಹಿಂದೆ ಹಾಕಿ ಐದನೆಯವರಾದೆವು. ಅದೇ ಗಳಿಕೆಯನ್ನು 140 ಕೋಟಿ ಜನಕ್ಕೆ ಹಂಚಿ ನೋಡಿದರೆ ತಲೆಗೆ ವರ್ಷಕ್ಕೆ ಸುಮಾರು 2,700 ಡಾಲರ್ ಬರುತ್ತದೆ. ಚೀನಾದಲ್ಲಿ ಇದು 13,000 ಡಾಲರ್ ದಾಟಿದೆ. ಅಂಕಿಗೆ ಅಂಕಿ ಎದುರು ಇಟ್ಟರೆ ಜಗಳ ಮುಗಿಯುವುದಿಲ್ಲ. ಈ ಆಸೆ ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ಮುಗ್ಗರಿಸಿತು ಅಂತ ನೋಡಿದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ.

ಆಸೆ ಹಳೆಯದು. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ದೇಶಗಳು ಸಹಿ ಹಾಕಿದಾಗ ಭಾರತವೂ ಹಾಕಿತು. ಆಗ ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಮೈಸೂರಿನ ದಿವಾನರಾಗಿ ಬಂದವರು ಅವರೇ, ಸಂಸ್ಥಾನದ ಕೊನೆಯ ದಿವಾನರು. ಹೊರಗೆ ಇಂಥ ಕುರ್ಚಿ ಸಿಕ್ಕಿದ್ದಾಗ ಒಳಗಿನ ಸ್ಥಿತಿ ಹೇಗಿತ್ತು? 1951ರ ಜನಗಣತಿಯಲ್ಲಿ ನೂರಕ್ಕೆ 18 ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಸರಾಸರಿ ಆಯಸ್ಸು 32 ವರ್ಷದ ಆಸುಪಾಸು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಐಐಟಿ, ಅಲಿಪ್ತ ನೀತಿ ಎಲ್ಲ ಸೇರಿ ಮುಂದಿನ ಹದಿನೈದು ವರ್ಷ ಕಳೆಯಿತು. ನಮ್ಮ ಮಾತಿಗೆ ಜಗತ್ತಿನಲ್ಲಿ ಕಿವಿ ಇತ್ತು. ಕಣಜ ಮಾತ್ರ ಖಾಲಿ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಈ ಇಡೀ ಕತೆಯ ಬೇರು ಇರುವುದು 1965ರಿಂದ 1968ರ ನಡುವಿನ ಆ ಮೂರು ವರ್ಷಗಳಲ್ಲಿ.

1954ರಲ್ಲಿ ಅಮೆರಿಕ ಪಿಎಲ್-480 ಅನ್ನುವ ಕಾನೂನು ಮಾಡಿತು. ಅಲ್ಲಿ ಉಳಿದ ಗೋಧಿಯನ್ನು ನಮ್ಮಂಥ ದೇಶಗಳಿಗೆ ಕೊಡುವುದು, ಡಾಲರ್ ಕೇಳದೆ ನಮ್ಮ ರೂಪಾಯಿಯಲ್ಲೇ ಬೆಲೆ ತೆಗೆದುಕೊಳ್ಳುವುದು. ಸುಲಭದ ದಾರಿ ಅಲ್ವಾ? ದಿಲ್ಲಿಗೂ ಹಾಗೇ ಅನ್ನಿಸಿತು. 1965ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. 1964-65ರಲ್ಲಿ 8.9 ಕೋಟಿ ಟನ್ ಇದ್ದ ಆಹಾರ ಧಾನ್ಯದ ಬೆಳೆ ಒಂದೇ ವರ್ಷದಲ್ಲಿ 7.2 ಕೋಟಿ ಟನ್ನಿಗೆ ಇಳಿಯಿತು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬಂತು. ಹಡಗು ಬಂದರೆ ಊಟ ಅನ್ನುವ ಪರಿಸ್ಥಿತಿ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರನ್ನು ಕೇಳಿಕೊಂಡದ್ದು ಆಗಲೇ.

ಆಗ ವಾಷಿಂಗ್ಟನ್ ಹಗ್ಗ ಬಿಗಿ ಮಾಡಿತು. ದೀರ್ಘ ಒಪ್ಪಂದ ಬಿಟ್ಟು, ತಿಂಗಳ ಲೆಕ್ಕದಲ್ಲಿ ಗೋಧಿ ಬಿಡಲು ಶುರು ಮಾಡಿತು. ಕೃಷಿ ನೀತಿ ಬದಲಿಸಿ ಅಂತ ಒತ್ತಾಯ ಒಂದು ಕಡೆ. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡುತ್ತಿದ್ದ ಮಾತು ಅವರಿಗೆ ಹಿಡಿಸದೆ ಹೋದದ್ದು ಇನ್ನೊಂದು ಕಡೆ. ಅದರ ನಡುವೆಯೇ, 1966ರ ಜೂನ್‌ನಲ್ಲಿ, ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಊಟಕ್ಕೆ ಕೈಚಾಚಿದವನು ಬಾಯಿಬಿಟ್ಟು ಮಾತಾಡೋದು ಎಷ್ಟು ಕಷ್ಟ ಅಂತ ಆ ತಲೆಮಾರಿಗೆ ಚೆನ್ನಾಗಿ ಅರ್ಥವಾಯಿತು.

ಅರವತ್ತು ದಾಟಿದ, ಸರ್ಕಾರಿ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ಶಾಲೆಯ ಉಪ್ಪಿಟ್ಟು ಅಂದ ತಕ್ಷಣ ಮುಖ ಅರಳುತ್ತದೆ. ಗೋಧಿ ನುಚ್ಚು, ಹಾಲಿನ ಪುಡಿ, ಎಣ್ಣೆ ಡಬ್ಬ ಎಲ್ಲ ಬರುತ್ತಿದ್ದದ್ದು ಅಮೆರಿಕದಿಂದ. ಡಬ್ಬದ ಮೇಲೆ, ಚೀಲದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಖಾಲಿ ಡಬ್ಬ ಮನೆಯಲ್ಲಿ ಅಕ್ಕಿ ಅಳೆಯಲು, ಖಾಲಿ ಚೀಲ ಕೂರಲು. ನಮ್ಮ ಮಕ್ಕಳ ಮಧ್ಯಾಹ್ನದ ಹಸಿವು ನೀಗಿದ್ದು ಅದರಿಂದಲೇ, ಅದನ್ನು ಮರೆಯುವುದು ಸರಿಯಲ್ಲ. ಆದರೆ ಶಾಲೆಯ ಒಲೆ ಹತ್ತಬೇಕೋ ಬೇಡವೋ ಅನ್ನುವುದು ಸಾವಿರಾರು ಮೈಲಿ ಆಚೆ ತೀರ್ಮಾನವಾಗುತ್ತಿತ್ತು.

ಆಮೇಲಿನ ಕತೆ ಹೆಚ್ಚಿನವರಿಗೆ ಗೊತ್ತು. ಸಿ. ಸುಬ್ರಮಣ್ಯಂ ಕೃಷಿ ಮಂತ್ರಿ, ಎಂ.ಎಸ್. ಸ್ವಾಮಿನಾಥನ್ ವಿಜ್ಞಾನಿ, ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಕೊಟ್ಟ ಗಿಡ್ಡ ತಳಿ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ಬಂತು. 1968ರ ಹೊತ್ತಿಗೆ ಗೋಧಿ ಬೆಳೆ 1.6 ಕೋಟಿ ಟನ್ ದಾಟಿತು. ಪಂಜಾಬಿನಲ್ಲಿ ಚೀಲ ಇಡಲು ಜಾಗ ಸಾಲದೆ ಶಾಲೆ ಕಟ್ಟಡಗಳಲ್ಲಿ ತುಂಬಿಟ್ಟರು. ಇಷ್ಟಕ್ಕೆ ಬೆಲೆಯನ್ನೂ ತೆತ್ತಿದ್ದೇವೆ. ಪಂಜಾಬಿನ ಅಂತರ್ಜಲ ಈಗ ಎಷ್ಟು ಕೆಳಗೆ ಇಳಿದಿದೆ ಅಂತ ಅಲ್ಲಿನ ರೈತರೇ ಹೇಳುತ್ತಾರೆ.

ನಮ್ಮ ಕಡೆ ಇದೇ ಕಾಲದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅನ್ನುವ ತಳಿ ವಿಜ್ಞಾನಿ ರಾಗಿಯ ಹಿಂದೆ ಬಿದ್ದಿದ್ದರು. ರಾಗಿ ಹೂವು ಎಷ್ಟು ಸಣ್ಣದೆಂದರೆ ಒಂದಕ್ಕೆ ಇನ್ನೊಂದನ್ನು ಕೂಡಿಸಿ ಹೊಸ ತಳಿ ಮಾಡುವುದು ಬಹಳ ಕಷ್ಟ. ಅವರು ಮಾಡಿದರು. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಬಂದ ತಳಿಗಳಿಗೆ ‘ಇಂಡಾಫ್’ ಅಂತ ಹೆಸರು. ಹಳೇ ಮೈಸೂರು ಸೀಮೆಯ ಮಳೆ ಆಶ್ರಯದ ಹೊಲಗಳಲ್ಲಿ ಇಳುವರಿ ಏರಿದ್ದು ಇದರಿಂದ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ದೇಶ ದೊಡ್ಡದಾಗೋದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ.

ಇನ್ನು ಪಿಎಲ್-480ರ ರೂಪಾಯಿಗಳು. ನಾವು ಗೋಧಿಗೆ ಕೊಟ್ಟ ಹಣ ಅಮೆರಿಕದ ಹೆಸರಿನಲ್ಲಿ ಇಲ್ಲೇ ಗುಡ್ಡೆಯಾಗಿತ್ತು. 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಅದರಲ್ಲಿ ದೊಡ್ಡ ಪಾಲನ್ನು, 1,664 ಕೋಟಿ ರೂಪಾಯಿಯ ಒಂದೇ ಚೆಕ್ಕಿನಲ್ಲಿ ಭಾರತಕ್ಕೆ ವಾಪಸು ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಆಯಿತು. ಗೋಧಿಯ ಹಗ್ಗ ಕಳಚಿತು, ಹೊರಗಿನವರು ತಂತ್ರಜ್ಞಾನ ಕೊಡದೆ ಬಿಗಿದ ಹಗ್ಗ ಬಿತ್ತು.

ಅದರ ಬಿಗಿ ಬೆಂಗಳೂರಿಗೆ ಚೆನ್ನಾಗಿ ಗೊತ್ತು. ಉಡುಪಿಯ ಅದಮಾರಿನ ಯು.ಆರ್. ರಾವ್ ಮುಂದಾಳತ್ವದಲ್ಲಿ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ‘ಆರ್ಯಭಟ’ 1975ರಲ್ಲಿ ಸೋವಿಯತ್ ರಾಕೆಟ್ ಏರಿ ಹೋಯಿತು. 1981ರ ‘ಆಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ ಫೋಟೊ ನೀವೂ ನೋಡಿರುತ್ತೀರಿ. ಬಡತನದ ಗುರುತು ಅಂತ ಅದನ್ನು ಎಷ್ಟೋ ಜನ ಹಂಚಿಕೊಳ್ಳುತ್ತಾರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಮರದ ಗಾಡಿ ಬೇಕಿತ್ತು, ಅದಕ್ಕೇ ಎತ್ತಿನ ಗಾಡಿ. ಇದ್ದದ್ದರಲ್ಲೇ ದಾರಿ ಹುಡುಕುವ ಬುದ್ಧಿ ಅದು. 1991ರಲ್ಲಿ ಕ್ರಯೋಜೆನಿಕ್ ಎಂಜಿನ್ನಿಗಾಗಿ, ಅಂದರೆ ಬಹಳ ತಣ್ಣಗಿನ ದ್ರವ ಇಂಧನದಲ್ಲಿ ಓಡುವ ರಾಕೆಟ್ ಎಂಜಿನ್ನಿಗಾಗಿ, ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಅಮೆರಿಕ ಅಡ್ಡ ಬಂತು. ಎಂಜಿನ್ ಬಂತು, ಮಾಡುವ ವಿದ್ಯೆ ಬರಲಿಲ್ಲ. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಇಟ್ಟ ರಾಕೆಟ್ ಗೆದ್ದದ್ದು 2014ರ ಜನವರಿ 5ರಂದು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

1991ರ ಚಿನ್ನದ ಕತೆ ಬಹಳ ಸಲ ಹೇಳಿದ್ದಾಗಿದೆ, ಚಿಕ್ಕದಾಗಿ ಮುಗಿಸುತ್ತೇನೆ. ಎರಡು ಮೂರು ವಾರದ ಆಮದಿಗೆ ಆಗುವಷ್ಟೇ ಡಾಲರ್ ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಕಳಿಸಿ ಅಡವಿಟ್ಟು 40 ಕೋಟಿ ಡಾಲರ್ ಚಿಲ್ಲರೆ ಸಾಲ ಎತ್ತಿತು. ಮನೆಯ ಒಡವೆ ಅಡವಿಡುವ ನೋವು ಏನು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಜುಲೈ 24ರ ಬಜೆಟ್ ಬಾಗಿಲು ತೆರೆಯಿತು. ಸಾಫ್ಟ್‌ವೇರ್ ಬೆಳೆಯಿತು, ಬೆಂಗಳೂರು ಬೆಳೆಯಿತು. 2009ರಲ್ಲಿ ಅದೇ ರಿಸರ್ವ್ ಬ್ಯಾಂಕ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) 200 ಟನ್ ಚಿನ್ನ ಕೊಂಡಿತು.

2001ರಲ್ಲಿ ಬ್ರೆಜಿಲ್, ರಷ್ಯಾ, ಭಾರತ, ಚೀನಾ ಸೇರಿಸಿ ‘ಬ್ರಿಕ್’ ಅನ್ನುವ ಪದ ಹುಟ್ಟಿತು. 2008ರಲ್ಲಿ ಅಣು ಇಂಧನ ಪೂರೈಕೆದಾರರ ಗುಂಪು ಅಣು ವ್ಯಾಪಾರಕ್ಕೆ ನಮಗೆ ವಿನಾಯಿತಿ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಜನಸಂಖ್ಯೆಯಲ್ಲಿ ಚೀನಾವನ್ನು ದಾಟಿದೆವು ಅಂತ ವಿಶ್ವಸಂಸ್ಥೆ ಲೆಕ್ಕ ಹಾಕಿತು. ಆಗಸ್ಟ್ 23ರಂದು ಚಂದ್ರಯಾನ ಇಳಿಯಿತು, ಸೆಪ್ಟೆಂಬರ್‌ನಲ್ಲಿ ಜಿ20 ನಡೆಯಿತು. ಭದ್ರತಾ ಮಂಡಳಿಯ ಕಾಯಂ ಸೀಟು ಮಾತ್ರ ಬಂದಿಲ್ಲ. ಅದಕ್ಕೆ ಸನ್ನದೇ ತಿದ್ದುಪಡಿ ಆಗಬೇಕು, ಈಗಿರುವ ಐದು ಕಾಯಂ ದೇಶಗಳೂ ಒಪ್ಪಬೇಕು. ಆ ದಾರಿ ಸದ್ಯಕ್ಕೆ ಕಾಣುತ್ತಿಲ್ಲ.

ಈಗಿನ ಪರಿಸ್ಥಿತಿಯಲ್ಲಿ ಹಳೆಯ ಹಗ್ಗದ ನೆನಪು ಮತ್ತೆ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾ ವಿರಳ ಖನಿಜದ ಮ್ಯಾಗ್ನೆಟ್ ರಫ್ತಿಗೆ ತಡೆ ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳು ಪರದಾಡಿದವು. ಆಗಸ್ಟ್‌ನಲ್ಲಿ ರಷ್ಯಾದ ತೈಲ ಕೊಂಡದ್ದಕ್ಕೆ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು 50 ಪರ್ಸೆಂಟಿಗೆ ಏರಿಸಿತು. ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ನಾವು ತರಿಸುವುದು ಹೊರಗಿನಿಂದಲೇ. ಬೆಂಗಳೂರಿನಲ್ಲೇ ಮಾಡುವ ತೇಜಸ್ ವಿಮಾನ ಅಮೆರಿಕದ ಎಂಜಿನ್ನಿಗೆ ಕಾಯುತ್ತಾ ಕೂರಬೇಕಾಯಿತು. ನರಸಾಪುರ, ದೇವನಹಳ್ಳಿಯಲ್ಲಿ ಫೋನ್ ಜೋಡಿಸುತ್ತೇವೆ, ಸಾವಿರಾರು ಹೆಣ್ಣುಮಕ್ಕಳಿಗೆ ಮೊದಲ ಸಂಬಳ ಸಿಗುತ್ತಿದೆ, ಅದು ಸಣ್ಣ ಮಾತಲ್ಲ. ಆದರೆ ಒಳಗಿನ ಚಿಪ್ಪು ನಮ್ಮದಲ್ಲ. ಸಂಶೋಧನೆಗೆ ದೇಶ ಖರ್ಚು ಮಾಡುವುದು ಜಿಡಿಪಿಯ 0.64 ಪರ್ಸೆಂಟ್. ಚೀನಾ ಅದರ ನಾಲ್ಕು ಪಟ್ಟು ಮಾಡುತ್ತದೆ.

ಚೀನಾದ ಮಾತು ಬಂದಾಗ ಒಂದು ಲೆಕ್ಕ ಯಾವಾಗಲೂ ಬಿಟ್ಟುಹೋಗುತ್ತದೆ. 1990ರಲ್ಲಿ ಎರಡೂ ದೇಶಗಳ ತಲಾ ಆದಾಯ ಹೆಚ್ಚುಕಡಿಮೆ ಒಂದೇ. ಆದರೆ ಆಗಲೇ ಅವರಲ್ಲಿ ನೂರಕ್ಕೆ 78ರಷ್ಟು ಜನಕ್ಕೆ ಓದು ಬರುತ್ತಿತ್ತು, ನಮ್ಮಲ್ಲಿ 52 ಮಂದಿಗೆ. ಕಾರ್ಖಾನೆಗಳು ಆಮೇಲೆ ಬಂದವು. ಓದು ಕಲಿತ, ಹೊಟ್ಟೆ ತುಂಬಿದ ಕೆಲಸಗಾರರು ಮೊದಲೇ ಇದ್ದರು.

ನಮ್ಮ ಲೆಕ್ಕ ಇನ್ನೂ ಮುಗಿದಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕರ್ನಾಟಕದ ಅಂಕಿಯೂ ಅಷ್ಟೇ. ಬೆಂಗಳೂರಿನ ರಾಜ್ಯ ಇದು! ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಾಗಿದ್ದಾರೆ. ಹಳ್ಳಿ ಶಾಲೆಗಳಲ್ಲಿ ಐದನೇ ಕ್ಲಾಸಿನ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುವುದಿಲ್ಲ ಅಂತ ಅಸರ್ ಸಮೀಕ್ಷೆ ಮತ್ತೆ ಮತ್ತೆ ಹೇಳುತ್ತಿದೆ. 2047ರಲ್ಲಿ ಭಾರತ ಮುಂದುವರಿದ ದೇಶ ಆಗಬೇಕು ಅನ್ನುವುದು ಗುರಿ. ಇವತ್ತಿನ ಐದನೇ ಕ್ಲಾಸಿನ ಹುಡುಗಿಗೆ ಆಗ ಮೂವತ್ತೆರಡರ ಆಸುಪಾಸು. ಲೇತ್ ಯಂತ್ರದ ಮುಂದೆ, ಲ್ಯಾಬಿನಲ್ಲಿ ನಿಂತು ದೇಶವನ್ನು ಎತ್ತಬೇಕಾದವಳು ಅವಳೇ.

2021ರ ಡಿಸೆಂಬರ್‌ನಲ್ಲಿ ಯಾದಗಿರಿ, ರಾಯಚೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ವಿರೋಧ ಬಂತು, ವಾದ ನಡೆಯಿತು. ಮಕ್ಕಳೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಅಂದರು. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು, ಬೇಡ ಅಂದವರಿಗೆ ಬಾಳೆಹಣ್ಣು. ಈಗ ವಾರಕ್ಕೆ ಆರು ದಿನ. ಮಧ್ಯಾಹ್ನದ ಬೆಲ್ ಹೊಡೆದಾಗ ಆ ಶಾಲೆಗಳ ಜಗುಲಿಯಲ್ಲಿ ಮಕ್ಕಳು ಸಾಲಾಗಿ ಕೂರುತ್ತಾರೆ. ಮುಂದೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಅನ್ನ, ಸಾರು, ಸುಲಿದ ಮೊಟ್ಟೆ. ಅಕ್ಕಿ ನಮ್ಮದು, ಬಡಿಸುವ ಅಮ್ಮ ಪಕ್ಕದ ಬೀದಿಯವರು. ಚೀಲದ ಮೇಲೆ ಕೈಕುಲುಕುವ ಚಿತ್ರ ಇಲ್ಲ.