ಕೊನೆಯ ಗುಟುಕು ಯಾವಾಗ?

ನವೆಂಬರ್ ಮಧ್ಯದಲ್ಲಿ ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೇ ಅಯ್ಯಪ್ಪ ಮಾಲೆಯ ಕಾಲವೂ ಬರುತ್ತದೆ. ಮಾಲೆ ಹಾಕಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನ ಬಳಿಗೆ ಪ್ರತಿ ವರ್ಷ ಒಂದಿಬ್ಬರಾದರೂ ಬಂದೇ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ವಿರಾಜಪೇಟೆ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಯೊಂದರಿಂದ ಜೀಪಿನಲ್ಲಿ ಕರೆತಂದವರನ್ನು ಮಾತ್ರ ಮರೆಯಲಾಗಿಲ್ಲ. ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಕಪ್ಪು ಪಂಚೆ, ಕೊರಳಲ್ಲಿ ಮಾಲೆ, ಮೈಯೆಲ್ಲ ಬೆವರು. ಬೆಡ್‌ಶೀಟಿನ ಅಂಚನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದು, ಬಲಗೈ ಬೆರಳುಗಳಿಂದ ಏನನ್ನೋ ಕಿತ್ತು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಕಾಫಿ ಹಣ್ಣು ಕೊಯ್ಯುತ್ತಿದ್ದರು.

“ಸ್ವಾಮಿ ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ ಡಾಕ್ಟ್ರೇ. ವ್ರತದಲ್ಲಿ ಏನೋ ತಪ್ಪಾಗಿದೆ” ಎಂದು ಹೆಂಡತಿ ಅಳುತ್ತಿದ್ದರು.

ತಪ್ಪೇನೂ ಆಗಿರಲಿಲ್ಲ. ಹದಿನೈದು ವರ್ಷ ದಿನಾ ಎರಡು ಮೂರು ಕ್ವಾರ್ಟರ್ ಕುಡಿಯುತ್ತಿದ್ದವರು ಮಾಲೆ ಹಾಕಿದ ಬೆಳಗಿನಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ. ವ್ರತವನ್ನು ಅಷ್ಟು ನಿಷ್ಠೆಯಿಂದ ಹಿಡಿದದ್ದರಿಂದಲೇ ಜೀವಕ್ಕೆ ಕುತ್ತು ಬಂದಿತ್ತು.

ಸಂಪಾಜೆ ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಗಾಡಿ ಇಳಿಸುವುದನ್ನು ನೆನೆಸಿಕೊಳ್ಳಿ. ಮದ್ಯ ಮಿದುಳಿನ ಬ್ರೇಕನ್ನು ಒತ್ತುತ್ತದೆ. ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮಿದುಳು ಸಮತೋಲಕ್ಕಾಗಿ ಗ್ಲುಟಮೇಟ್ ಎಂಬ ಆಕ್ಸಿಲರೇಟರನ್ನು ತಾನೂ ಒತ್ತತೊಡಗುತ್ತದೆ. ಹೊರಗೆ ನೋಡಿದರೆ ಆಳು ಸರಿಯಾಗಿಯೇ ಇದ್ದಾನೆ, “ಎಷ್ಟು ಕುಡಿದರೂ ಏನೂ ಆಗಲ್ಲ” ಎನ್ನುತ್ತಾರೆ. ಒಂದು ದಿನ ಬ್ರೇಕಿನಿಂದ ಕಾಲು ತೆಗೆದರೆ ಉಳಿಯುವುದು ಆಕ್ಸಿಲರೇಟರ್ ಒಂದೇ. ಕೊನೆಯ ಗುಟುಕಾಗಿ 6 ಗಂಟೆಯಿಂದ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. 12ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ದಿಕ್ಕು, ಹೊತ್ತು ಯಾವುದೂ ತಿಳಿಯದ ಡೆಲಿರಿಯಮ್ ಬರುತ್ತದೆ. ಇಲ್ಲದ ಹುಳು ಕಾಣುತ್ತದೆ, ದಿನನಿತ್ಯದ ಕೆಲಸವನ್ನು ಕೈ ತಾನೇ ಮಾಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಹಾಗಾಗಿ ನನ್ನ ಮೊದಲ ಪ್ರಶ್ನೆ “ಯಾಕೆ ಕುಡಿತೀರಿ” ಅಲ್ಲ, “ಕೊನೆಯ ಸಲ ಯಾವಾಗ ಕುಡಿದ್ರಿ, ಎಷ್ಟು” ಎಂಬುದು.

ಎಲ್ಲ ಅಮಲು ಪದಾರ್ಥವೂ ಹೀಗೆ ಬಿಟ್ಟುಹೋಗುವುದಿಲ್ಲ. ಮದ್ಯದ ಹಾಗೆಯೇ ಬ್ರೇಕ್ ಒತ್ತುವವು ಆಲ್ಪ್ರಜೋಲಾಂನಂಥ ನಿದ್ದೆ ಮಾತ್ರೆಗಳು. ವರ್ಷಗಳಿಂದ ನುಂಗುತ್ತಿರುವ ಅಜ್ಜಿಯ ಮಾತ್ರೆಯನ್ನು ಮೊಮ್ಮಕ್ಕಳು ಒಂದೇ ದಿನ ಬಚ್ಚಿಟ್ಟರೆ ಅಲ್ಲೂ ಫಿಟ್ಸ್ ಬರಬಹುದು. ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೆರಾಯಿನ್, ನೋವಿನ ಮಾತ್ರೆಗಳಾದ ಟ್ರಮಡಾಲ್, ಟಪೆಂಟಡಾಲ್ ಎಲ್ಲ ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ಗುಂಪಿನವು. ಬಿಟ್ಟಾಗ ಮೈಕೈ ಮುರಿದಂತಾಗುತ್ತದೆ, ಭೇದಿ, ಮೂಗಲ್ಲಿ ಕಣ್ಣಲ್ಲಿ ನೀರು. ಸಂಕಟ ಹೇಳತೀರದು, ಆದರೆ ಆ ಸಂಕಟದಿಂದಲೇ ಜೀವ ಹೋಗುವುದು ಅಪರೂಪ. ಜೀವ ಹೋಗುವುದು ಆಮೇಲೆ. ಒಂದು ತಿಂಗಳು ಬಿಟ್ಟಿದ್ದ ಹುಡುಗ ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ, ಅಭ್ಯಾಸ ತಪ್ಪಿದ ದೇಹ ತಾಳದೆ ಉಸಿರು ನಿಲ್ಲುತ್ತದೆ. ಮನೆಯವರು “ಈಗ ಸರಿಹೋದ” ಎಂದುಕೊಂಡ ಹೊತ್ತದು.

ಎಂಡಿಎಂಎ, ಕೊಕೇನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ. ಇಳಿದಾಗ ಮನಸ್ಸು ಪಾತಾಳಕ್ಕೆ ಬೀಳುತ್ತದೆ, ಆತ್ಮಹತ್ಯೆಯ ಯೋಚನೆ ಬರುವುದು ಆಗಲೇ. ಹುಡುಗರು ಸೊಪ್ಪು ಎನ್ನುವ ಗಾಂಜಾ ಬಿಟ್ಟರೆ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು. ಗಿಡದಿಂದ ಬಂದದ್ದು, ಏನೂ ಆಗಲ್ಲ ಎಂದು ಕಾಲೇಜು ಮಕ್ಕಳು ನನ್ನೊಡನೆ ವಾದ ಮಾಡುತ್ತಾರೆ. ಹದಿನೈದು ಹದಿನಾರರಲ್ಲೇ ಶುರುಮಾಡಿ ದಿನಾ ಸೇದುವವರಲ್ಲಿ ಮನೋವಿಕಲತೆಯ ಅಪಾಯ ಹೆಚ್ಚು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎಂದು ಬಾಗಿಲು ಹಾಕಿಕೊಂಡು ಕೂತ ಮಕ್ಕಳನ್ನು ನಾನು ನೋಡಿದ್ದೇನೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಮದ್ಯದ ಬಗ್ಗೆ ಮಾತಾಡುವುದು ಸೂಕ್ಷ್ಮ. ಕುಲದ ಹಿರಿಯರಾದ ಗುರುಕಾರೋಣರಿಗೆ ಮೀದಿ, ಅಂದರೆ ಎಡೆ ಇಡುವಾಗ ಅದೂ ಎಡೆಯ ಭಾಗ, ಅದಕ್ಕೆ ನನ್ನ ತಕರಾರಿಲ್ಲ. ಹಿರಿಯರ ಹೆಸರಿನಲ್ಲಿ ವರ್ಷಕ್ಕೆ ಕೆಲವು ಸಲ ಕುಡಿಯುವುದು ಬೇರೆ, ಬೆಳಿಗ್ಗೆ ಕೈನಡುಕ ನಿಲ್ಲಲು ಒಂದು ನೈಂಟಿ ಬೇಕಾಗುವುದು ಬೇರೆ. ಎರಡನೆಯದು ಅವಲಂಬನೆ, ಅದೊಂದು ಕಾಯಿಲೆ. ಇನ್ನು ಮಳೆಗಾಲದಲ್ಲಿ ಮೈ ಬೆಚ್ಚಗಾಗಲಿ ಎಂದು ಕುಡಿಯುವವರಿಗೆ: ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ, ಬೆಚ್ಚಗೆನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತದೆ.

ಮನೆಯವರಲ್ಲಿ ಎರಡು ವಿಷಯ ಕೈಮುಗಿದು ಕೇಳಿಕೊಳ್ಳುತ್ತೇನೆ. “ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕುವ ಪುಡಿ ಕೊಡಿ ಡಾಕ್ಟ್ರೇ” ಎಂದು ತಾಯಂದಿರು ಬರುತ್ತಾರೆ. ಡೈಸಲ್ಫಿರಾಂ ಎಂಬ ಔಷಧ ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ, ಸಾವೂ ಆಗಬಹುದು. ತಿಳಿದು ಒಪ್ಪಿದವರಿಗಷ್ಟೇ ಅದನ್ನು ಕೊಡುವುದು. ಇನ್ನೊಂದು, ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಂಡು ಬರಬೇಡಿ. ಬಹುಕಾಲ ಕುಡಿದವರಲ್ಲಿ ಬಿ1 ಜೀವಸತ್ವ ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿಯೇ ಹೋಗಬಹುದು. ಕುಡಿತದ ವಿಷಯವನ್ನು ನಾಚಿಕೆಪಟ್ಟು ಮುಚ್ಚಿಡದೆ ಅಲ್ಲಿಯೇ ಹೇಳಿ. ಮಡಿಕೇರಿಯ ಬೋಧಕ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಕರೆಗೆ ಕಾಸಿಲ್ಲ. ಫಿಟ್ಸ್ ಬಂದರೆ, ಮಾತು ಅಡ್ಡಾದಿಡ್ಡಿಯಾದರೆ ಫೋನಿನಲ್ಲಿ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಕರೆತನ್ನಿ.

ಆ ಸ್ವಾಮಿ ಬಿ1 ಇಂಜೆಕ್ಷನ್, ಮಿದುಳನ್ನು ಶಾಂತಗೊಳಿಸುವ ಲೋರಾಜೆಪಾಂ, ಇಬ್ಬರು ನರ್ಸುಗಳ ಎಡೆಬಿಡದ ಆರೈಕೆಯಲ್ಲಿ ಐದನೆಯ ದಿನ ಹೆಂಡತಿಯ ಹೆಸರು ಹಿಡಿದು ಕರೆದರು. ಆಸ್ಪತ್ರೆಯ ಮದ್ದಿನಿಂದ ವ್ರತ ಕೆಟ್ಟಿತೇ ಎಂದು ಆಕೆಗೆ ಅಳುಕಿತ್ತು. ಗುರುಸ್ವಾಮಿ ತಾವೇ ವಾರ್ಡಿಗೆ ಬಂದು, ಮದ್ದು ವ್ರತಕ್ಕೆ ಅಡ್ಡಿಯಲ್ಲ ಎಂದು ಧೈರ್ಯ ಹೇಳಿದರು. ಜನವರಿಯಲ್ಲಿ ಆ ಸ್ವಾಮಿ ಶಬರಿಮಲೆಗೆ ಹೋಗಿ ಬಂದರು. ಮಾಲೆ ತೆಗೆದ ಮೇಲೆ ಒಂದು ತಿಂಗಳು ತಡೆದುಕೊಂಡು ಮತ್ತೆ ಕುಡಿದರು. ಈ ಕಾಯಿಲೆಯಲ್ಲಿ ಅದು ಹೊಸದಲ್ಲ, ಮತ್ತೆ ಮೊದಲಿಂದ ಶುರುಮಾಡುವುದೇ ಚಿಕಿತ್ಸೆ. ಮುಂದಿನ ವರ್ಷ ಅಕ್ಟೋಬರ್ ಕೊನೆಗೆ, ಮಾಲೆಗೆ ಇನ್ನೂ ಮೂರು ವಾರವಿರುವಾಗ, ಹೆಂಡತಿಯೊಡನೆ ಬಂದು ನನ್ನೆದುರು ಕೂತರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ನಿನ್ನೆ ರಾತ್ರಿ ಎಂಟೂವರೆಗೆ ಡಾಕ್ಟ್ರೇ. ಎರಡು ಕ್ವಾರ್ಟರ್.”